ವಡಗಾವ್ 1779: ಸೈನ್ಯ ವಾಪಸ್ ಬಂತು, ಕೊಟ್ಟ ಮಾತು ಏನಾಯ್ತು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ಸಂಚಿಕೆಯ ಮಾತನ್ನು ಎಂದಿನಂತೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಒಂದು ಯುದ್ಧ ತಪ್ಪು ಅಂತ ಗೊತ್ತಾಗಿದೆ. ಜನಕ್ಕೂ ಬೇಡ, ಖಜಾನೆಗೂ ಬೇಡ, ನಡೆಸ್ತಾ ಇರೋರಲ್ಲೇ ಅರ್ಧ ಜನಕ್ಕೆ ಬೇಡ. ಹಾಗಾದರೆ ಸೈನ್ಯವನ್ನು ವಾಪಸ್ ಕರೆಸಿಕೊಂಡರೆ ಮುಗೀತಲ್ಲ? ಇದರಲ್ಲಿ ಧರ್ಮಸಂಕಟ ಎಲ್ಲಿಂದ ಬಂತು?

ಕಾಬೂಲ್, ಸೈಗಾನ್ ಅಂತ ನಾವು ಟಿವಿಯಲ್ಲಿ ನೋಡಿದ್ದೀವಿ, ಪುಸ್ತಕದಲ್ಲಿ ಓದಿದ್ದೀವಿ. ಆದರೆ ಇದೇ ಪ್ರಶ್ನೆ ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ನಮ್ಮ ಪನ್ವೇಲ್, ಠಾಣೆ, ಕಲ್ಯಾಣ್‌ಗಳ ಸುತ್ತಲೇ ಎದ್ದಿತ್ತು. ನಾವು ದಿನಾ ಪಾಸ್ ಹಿಡ್ಕೊಂಡು ಓಡಾಡೋ ಊರುಗಳಿವು. ಇತಿಹಾಸದಲ್ಲಿ ಇದಕ್ಕೆ ಮೊದಲ ಆಂಗ್ಲೋ-ಮರಾಠಾ ಯುದ್ಧ ಅಂತಾರೆ. ಶಾಲೆಯಲ್ಲಿ ನಮಗೆ ಸೂರತ್, ಪುರಂದರ, ಸಾಲ್ಬಾಯಿ ಅಂತ ಮೂರು ಒಪ್ಪಂದಗಳ ಹೆಸರನ್ನು ಬಾಯಿಪಾಠ ಮಾಡಿಸಿ ಬಿಟ್ಟುಬಿಟ್ಟರು. ಆ ಮೂರರ ನಡುವೆ ಇರೋ ವಡಗಾವ್ ಒಪ್ಪಂದದ ಕಥೆ ಬಹಳ ಜನಕ್ಕೆ ಗೊತ್ತಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಯುದ್ಧ ಹೇಗೆ ಹತ್ತಿಕೊಂಡಿತು

1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಪೇಶ್ವೆ ನಾರಾಯಣರಾವ್ ಕೊಲೆಯಾದ. ಆಪಾದನೆ ಬಂದಿದ್ದು ಅವನ ಚಿಕ್ಕಪ್ಪ ರಘುನಾಥರಾವ್ ಮೇಲೆ. ಮರಾಠಿಯಲ್ಲಿ ರಾಘೋಬಾ ಅಂತಾರೆ. ಅವನು ಪೇಶ್ವೆಯಾದ, ಆದರೆ ಹೆಚ್ಚು ದಿನ ನಿಲ್ಲಲಿಲ್ಲ. ನಾರಾಯಣರಾವ್‌ನ ಹೆಂಡತಿ ಬಸುರಿ ಇದ್ದಳು; 1774ರ ಏಪ್ರಿಲ್‌ನಲ್ಲಿ ಗಂಡು ಮಗು ಹುಟ್ಟಿತು. ನಾನಾ ಫಡ್ನವೀಸ್ ಮತ್ತು ಇತರ ಮಂತ್ರಿಗಳು ಆ ಮಗುವಿನ ಪರ ನಿಂತರು. ರಾಘೋಬಾ ಪುಣೆ ಕಳೆದುಕೊಂಡು, ಸಹಾಯ ಹುಡುಕಿಕೊಂಡು ಇಂಗ್ಲಿಷರ ಹತ್ತಿರ ಬಂದ.

ಮುಂಬಯಿಯ ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದು ಒಂದೇ: ಸಾಷ್ಟಿ ದ್ವೀಪ ಮತ್ತು ವಸಾಯಿ. ಸಾಷ್ಟಿ ಅಂದ್ರೆ ಇಂಗ್ಲಿಷರ ಬಾಯಲ್ಲಿ ಸಾಲ್ಸೆಟ್, ಈಗಿನ ಬಾಂದ್ರಾದಿಂದ ಠಾಣೆವರೆಗಿನ ನೆಲ. ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಗೆದ್ದಿದ್ದ ನೆಲ ಅದು. ಮುಂಬಯಿಯವರು ರಾಘೋಬಾ ಜೊತೆ ಮಾತು ಮುಗಿಯೋವರೆಗೂ ಕಾಯಲಿಲ್ಲ. 1774ರ ಡಿಸೆಂಬರ್ ಕೊನೆಯಲ್ಲಿ ಠಾಣೆ ಕೋಟೆಯನ್ನು ಹಿಡಿದರು. ಆ ಕೋಟೆ ಎಲ್ಲಿದೆ ಅಂತ ಕೇಳ್ಬೇಡಿ, ನೀವೆಲ್ಲ ನೋಡಿದ್ದೀರಿ. ಅದೇ ಈಗಿನ ಠಾಣೆ ಸೆಂಟ್ರಲ್ ಜೈಲು.

1775ರ ಮಾರ್ಚ್‌ನಲ್ಲಿ ಸೂರತ್ ಒಪ್ಪಂದ ಆಯ್ತು. ನಾವು ನಿನ್ನನ್ನು ಪುಣೆಯ ಗಾದಿ ಮೇಲೆ ಕೂರಿಸ್ತೀವಿ, ನೀನು ನಮಗೆ ಸಾಷ್ಟಿ, ವಸಾಯಿ ಕೊಡು ಅನ್ನೋದು ಅದರ ಸಾರ. ಇಲ್ಲಿ ಒಂದು ವಿಷಯ ಗಮನಿಸಿ. ಇನ್ನೊಬ್ಬರ ಮನೆಯ ಜಗಳದಲ್ಲಿ ಒಬ್ಬನಿಗೆ ಮಾತು ಕೊಡಲಾಯಿತು. ಮಾತು ಕೊಟ್ಟಿದ್ದು ಭೂಮಿಯ ಆಸೆಗೆ. ಆದರೆ ಕೊಟ್ಟ ಮೇಲೆ ಅದು ಮಾತೇ. ಮುಂದಿನ ಏಳು ವರ್ಷ ಎಲ್ಲರ ಕೊರಳಿಗೂ ಸುತ್ತಿಕೊಂಡಿದ್ದು ಈ ಮಾತು.

ಕಲ್ಕತ್ತೆಗೆ ಬೇಡವಾದ ಯುದ್ಧ

ಈ ಯುದ್ಧ ಮರಾಠರಿಗೆ ಮಾತ್ರ ಬೇಡವಾಗಿತ್ತು ಅಂದ್ಕೋಬೇಡಿ. ಕಂಪನಿಯೊಳಗೇ ಬೇಡವಾಗಿತ್ತು. 1773ರ ರೆಗ್ಯುಲೇಟಿಂಗ್ ಕಾಯ್ದೆ ಪ್ರಕಾರ ಮುಂಬಯಿಯವರು ಕಲ್ಕತ್ತೆಯ ಕೌನ್ಸಿಲ್ಲನ್ನು ಕೇಳದೆ ಯುದ್ಧ ಶುರು ಮಾಡೋ ಹಾಗಿರಲಿಲ್ಲ. ಅವರು ಕೇಳಲಿಲ್ಲ. ಕಲ್ಕತ್ತೆಯವರು ಸಿಟ್ಟಾಗಿ, ಈ ಯುದ್ಧ ಅನ್ಯಾಯದ್ದು, ಅಪಾಯದ್ದು, ಅಧಿಕಾರ ಇಲ್ಲದೆ ಮಾಡಿದ್ದು ಅಂತ ಬರೆದು ಸೈನ್ಯ ವಾಪಸ್ ಕರೆಸಿ ಅಂದರು. ಆಮೇಲೆ ಕರ್ನಲ್ ಅಪ್ಟನ್ ಅನ್ನೋವನನ್ನು ಪುಣೆಗೆ ಕಳಿಸಿ 1776ರ ಮಾರ್ಚ್‌ನಲ್ಲಿ ಪುರಂದರ ಒಪ್ಪಂದ ಮಾಡಿಸಿದರು. ರಾಘೋಬಾಗೆ ಸಹಾಯ ಬಂದ್. ಆದರೆ ಸಾಷ್ಟಿ ಮಾತ್ರ ಇಂಗ್ಲಿಷರ ಕೈಯಲ್ಲೇ ಉಳಿಯಿತು!

ಇದೇ ಮೊದಲ ಹಿಂದೆಗೆತ. ಯುದ್ಧ ಅನ್ಯಾಯ ಅಂದವರು ಆ ಯುದ್ಧದಿಂದ ಸಿಕ್ಕ ಠಾಣೆಯನ್ನು ಅನ್ಯಾಯ ಅನ್ನಲಿಲ್ಲ. ಬಿಟ್ಟಿದ್ದು ಮನುಷ್ಯನನ್ನು, ಇಟ್ಟುಕೊಂಡಿದ್ದು ನೆಲವನ್ನು.

ಅಷ್ಟರಲ್ಲಿ ಲಂಡನ್ನಿನ ನಿರ್ದೇಶಕರಿಂದ ಪತ್ರ ಬಂತು, ಸೂರತ್ ಒಪ್ಪಂದ ಸರಿಯಾಗಿದೆ ಅಂತ. ಹಡಗಿನಲ್ಲಿ ಪತ್ರ ತಲುಪೋಕೆ ಎಷ್ಟೋ ತಿಂಗಳು ಹಿಡೀತಿದ್ದ ಕಾಲ ಅದು. ಮುಂಬಯಿ ಒಂದು ಹೇಳ್ತಿದೆ, ಕಲ್ಕತ್ತೆ ಇನ್ನೊಂದು, ಲಂಡನ್ ಮತ್ತೊಂದು. ನಮ್ಮ ಕೆಲಸದಲ್ಲಿ ಮೂರು ಟೀಮ್ ಒಂದೇ ಫೈಲನ್ನು ಒಬ್ಬರಿಗೊಬ್ಬರು ಹೇಳದೆ ಬದಲಾಯಿಸಿದರೆ ಏನಾಗುತ್ತೋ ಅದೇ ಆಯ್ತು. ಮುಂಬಯಿಯವರು ರಾಘೋಬಾಗೆ ಆಶ್ರಯ ಕೊಡೋದನ್ನು ನಿಲ್ಲಿಸಲಿಲ್ಲ. ಕಲ್ಕತ್ತೆಯಲ್ಲೂ ಕೌನ್ಸಿಲ್‌ನ ಇಬ್ಬರು ಸದಸ್ಯರು ತೀರಿಕೊಂಡು, ವಾರನ್ ಹೇಸ್ಟಿಂಗ್ಸ್‌ನ ನಿರ್ಣಾಯಕ ಮತಕ್ಕೆ ಬಲ ಬಂತು. ಪುಣೆಯಲ್ಲಿ ಫ್ರೆಂಚರು ಓಡಾಡ್ತಿದ್ದಾರೆ ಅನ್ನೋ ಭಯವೂ ಸೇರಿ, ಅವನು ಈಗ ಯುದ್ಧದ ಪರ ನಿಂತ. ಫಿಲಿಪ್ ಫ್ರಾನ್ಸಿಸ್ ಕೊನೆವರೆಗೂ ವಿರೋಧಿ. 1780ರ ಆಗಸ್ಟ್ 17ರಂದು ಇಬ್ಬರೂ ಕಲ್ಕತ್ತೆಯಲ್ಲಿ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೇ ನಿಂತರು; ಫ್ರಾನ್ಸಿಸ್‌ಗೆ ಗುಂಡೇಟು ಬಿತ್ತು. ಆ ಜಗಳದ ಮೂಲದಲ್ಲಿ ಇದ್ದಿದ್ದೂ ಇದೇ ಮರಾಠಾ ಯುದ್ಧ.

ಪನ್ವೇಲ್‌ನಿಂದ ತಳೇಗಾವ್

1778ರ ನವೆಂಬರ್ ಕೊನೆಯಲ್ಲಿ ಮುಂಬಯಿ ಸೈನ್ಯ ಹೊರಟಿತು. ಸುಮಾರು 3,900 ಜನ. ಅದರಲ್ಲಿ ಯುರೋಪಿಯನ್ನರು ಕಡಿಮೆ, ಹೆಚ್ಚಿನವರು ದೇಶೀ ಸಿಪಾಯಿಗಳು. ಅವರ ಜೊತೆ ಸಾಮಾನು ಹೊರೋಕೆ 19,000 ಎತ್ತುಗಳು. ಕೊಲ್ಲಿ ದಾಟಿ ಪನ್ವೇಲ್‌ಗೆ ಬಂದಿಳಿದರು. ಅಲ್ಲಿಂದ ಖೋಪೋಲಿ, ಅಲ್ಲಿಂದ ಭೋರ್ ಘಾಟಿ ಹತ್ತಬೇಕು. ಇವತ್ತು ಎಕ್ಸ್‌ಪ್ರೆಸ್‌ವೇಯಲ್ಲಿ ನಾವು ಬಟಾಟೆ ವಡಾ ತಿನ್ನೋಕೆ ನಿಲ್ತೀವಲ್ಲ, ಆ ದಾರಿಯೇ. ಘಾಟಿ ಮೇಲೆ ಪೂರ್ತಿ ಸೈನ್ಯ ಸೇರೋ ಹೊತ್ತಿಗೆ ಡಿಸೆಂಬರ್ 23.

ನಡೆಸೋಕೆ ಮೂರು ಜನರ ಸಮಿತಿ: ಜಾನ್ ಕಾರ್ನಾಕ್, ಕರ್ನಲ್ ಎಗರ್ಟನ್, ಥಾಮಸ್ ಮಾಸ್ಟಿನ್. ಪುಣೆ ಚೆನ್ನಾಗಿ ಗೊತ್ತಿದ್ದ ಮಾಸ್ಟಿನ್ ಕಾಯಿಲೆ ಬಿದ್ದು ಮುಂಬಯಿಗೆ ವಾಪಸ್ ಹೋಗಿ ಜನವರಿ 1ರಂದು ಸತ್ತ. ಎಗರ್ಟನ್‌ಗೂ ಆರೋಗ್ಯ ಕೆಟ್ಟು, ಕರ್ನಲ್ ಕಾಕ್‌ಬರ್ನ್ ಸೈನ್ಯದ ಹೊಣೆ ಹೊತ್ತ. ಸೈನ್ಯ ದಿನಕ್ಕೆ ಒಂದು ಮೈಲಿ ಕೂಡ ಸರಿಯಾಗಿ ನಡೆಯಲಿಲ್ಲ. ಘಾಟಿ ಮೇಲಿಂದ ಕಾರ್ಲಾಕ್ಕೆ ಎಂಟು ಮೈಲಿ, ಅದಕ್ಕೆ ಹನ್ನೊಂದು ದಿನ! ಜನವರಿ 4ರಂದು ಕಾರ್ಲಾ ಹತ್ತಿರ ಕ್ಯಾಪ್ಟನ್ ಸ್ಟೀವರ್ಟ್ ಫಿರಂಗಿ ಗುಂಡಿಗೆ ಸತ್ತ. ಅವನ ಧೈರ್ಯ ಕಂಡ ಮರಾಠರು ಅವನಿಗೆ 'ಇಷ್ಟುರ್ ಫಾಕಡಾ' ಅಂತ ಹೆಸರಿಟ್ಟಿದ್ದರು. ಫಾಕಡಾ ಅಂದ್ರೆ ಗಟ್ಟಿಗ. ಆ ಹೆಸರು ಆ ಕಡೆ ಇವತ್ತಿಗೂ ಇದೆ.

ಜನವರಿ 9ಕ್ಕೆ ಸೈನ್ಯ ತಳೇಗಾವ್ ತಲುಪಿತು. ಊರು ಸುಟ್ಟು ಬೂದಿಯಾಗಿತ್ತು. ಸುಟ್ಟವರು ಮರಾಠರೇ, ಶತ್ರುವಿಗೆ ಹಿಡಿ ಕಾಳೂ ಸಿಗಬಾರದು ಅಂತ. ಅಗತ್ಯ ಬಿದ್ದರೆ ಚಿಂಚವಡ, ಆಮೇಲೆ ಪುಣೆಯನ್ನೇ ಸುಡೋಕೂ ತಯಾರಿ ಆಗಿತ್ತು. ಮಾವಳದ ರೈತರನ್ನು ಯಾರೂ ಕೇಳಿರಲಿಲ್ಲ, ನಿಮಗೆ ರಾಘೋಬಾ ಬೇಕಾ, ನಾನಾ ಬೇಕಾ ಅಂತ.

ಹದಿನೆಂಟು ಮೈಲಿ, ಹದಿನೆಂಟು ದಿನ

ಈಗ ಕಾರ್ನಾಕ್‌ನ ಜಾಗದಲ್ಲಿ ನಿಂತು ನೋಡಿ. ಪುಣೆ ಇನ್ನು 18 ಮೈಲಿ. ಕೈಯಲ್ಲಿ ಇನ್ನೂ 18 ದಿನದ ದಿನಸಿ ಇದೆ. ಸುತ್ತ ಹಲವು ಪಟ್ಟು ದೊಡ್ಡ ಮರಾಠಾ ಸೈನ್ಯ, ಮಹಾದಜಿ ಶಿಂದೆ ಮತ್ತು ಹರಿಪಂತ್ ಫಡಕೆ ಅದರ ಮುಂದೆ. ರಾಘೋಬಾ ಬಂದರೆ ಮರಾಠಾ ಸರದಾರರು ತಾವಾಗಿ ಬಂದು ಸೇರ್ತಾರೆ ಅಂತ ಹೇಳಲಾಗಿತ್ತು, ಯಾರೂ ಬರಲಿಲ್ಲ. ಅಂದ್ರೆ ಯುದ್ಧದ ಅಡಿಪಾಯವೇ ಸುಳ್ಳು ಅಂತ ಅಲ್ಲಿ ನಿಂತಾಗ ಗೊತ್ತಾಯ್ತು.

ಮುಂದೆ ಹೋದರೆ ಇನ್ನಷ್ಟು ಜನ ಸಾಯ್ತಾರೆ, ಪುಣೆ ಸುಟ್ಟುಹೋಗುತ್ತೆ, ಗೆದ್ದರೂ ಜನಕ್ಕೆ ಬೇಡದ ಒಬ್ಬನನ್ನು ಗಾದಿ ಮೇಲೆ ಕೂರಿಸಿ ಕಾವಲು ಕಾಯಬೇಕು. ಹಿಂದೆ ಹೋದರೆ ರಾಘೋಬಾನ ಗತಿ ಏನು? ಸತ್ತವರ ಲೆಕ್ಕ ಏನು? ದಾರಿಯಲ್ಲಿ ಬೆನ್ನು ತೋರಿಸಿದ ಸೈನ್ಯವನ್ನು ಶತ್ರು ಸುಮ್ಮನೆ ಬಿಡ್ತಾನಾ?

ವಾಪಸ್ ಹೋಗೋದು ಅಂತ ತೀರ್ಮಾನ ಆಯ್ತು. ಈ ತೀರ್ಮಾನವನ್ನು ನಾನು ತಪ್ಪು ಅನ್ನಲ್ಲ. ಬೇಡ ಅಂತ ರಾಘೋಬಾ ಕೇಳಿಕೊಂಡ, ಅವನ ಕಷ್ಟ ಅವನಿಗೆ. ಆದರೆ ಒಬ್ಬನ ಗಾದಿಗೋಸ್ಕರ ಸಾವಿರಾರು ಜನರನ್ನು ಮುಂದೆ ತಳ್ಳೋದು ಮಾತು ಉಳಿಸಿಕೊಂಡ ಹಾಗೆ ಆಗಲ್ಲ. ತಪ್ಪು ಇದ್ದಿದ್ದು ವಾಪಸ್ ಹೋದ ರೀತಿಯಲ್ಲಿ.

ಜನವರಿ 11ರ ರಾತ್ರಿ ಹನ್ನೊಂದು ಗಂಟೆಗೆ, ಭಾರೀ ಫಿರಂಗಿಗಳನ್ನು ಕೆರೆಗೆ ತಳ್ಳಿ, ಸಾಮಾನಿಗೆ ಬೆಂಕಿ ಇಟ್ಟು, ಗುಟ್ಟಾಗಿ ಹೊರಟರು. ಬೆಂಕಿ ಹಚ್ಚಿ ಗುಟ್ಟಾಗಿ ಹೊರಡೋದು ಹೇಗೆ ಅಂತ ನೀವೇ ಹೇಳಿ. ಮರಾಠರು ಕಾದಿದ್ದರು. ಹಿಂಬದಿಯಲ್ಲಿ ಕ್ಯಾಪ್ಟನ್ ಹಾರ್ಟ್ಲಿ ಮತ್ತು ಅವನ ಸಿಪಾಯಿಗಳು. ಹಿಂದೆ ಹೋಗೋದು ಬೇಡ ಅಂದಿದ್ದವನೇ ಹಾರ್ಟ್ಲಿ. ಎಲ್ಲರನ್ನೂ ಸುರಕ್ಷಿತವಾಗಿ ಕಳಿಸೋ ಕೆಲಸ ಬಿದ್ದಿದ್ದೂ ಅವನ ತಲೆ ಮೇಲೆ. ಬೆಳಗಿನವರೆಗೂ, ಮರುದಿನವೂ ಆ ಸಿಪಾಯಿಗಳು ತಡೆದು ನಿಂತರು. ಆದರೂ ಸೈನ್ಯ ತಲುಪಿದ್ದು ವಡಗಾವ್‌ವರೆಗೆ ಮಾತ್ರ. ಈಗಿನ ಪುಣೆ-ಲೋಣಾವಳಾ ಲೋಕಲ್‌ನಲ್ಲಿ ತಳೇಗಾವ್‌ನಿಂದ ಒಂದೇ ಸ್ಟೇಷನ್. ಅಲ್ಲಿ ನಾಲ್ಕೂ ಕಡೆಯಿಂದ ಮುತ್ತಿಗೆ.

ಹಾರ್ಟ್ಲಿ ಹೆಸರು ಪುಸ್ತಕದಲ್ಲಿ ಉಳೀತು. ಆ ರಾತ್ರಿ ಹಿಂಬದಿಯಲ್ಲಿ ಸತ್ತ ಸಿಪಾಯಿಗಳಲ್ಲಿ ಒಬ್ಬನ ಹೆಸರನ್ನೂ ನಾನು ಎಲ್ಲೂ ಓದಿಲ್ಲ. ಬಾಂಬೆ ಸೈನ್ಯದ ಸಿಪಾಯಿಗಳು ಲಂಡನ್‌ನಿಂದ ಬಂದವರಲ್ಲ, ಈ ಕಡೆಯ ಹಳ್ಳಿಗಳವರು. ಯುದ್ಧ ಬೇಕು ಅಂದವರೂ ಅವರಲ್ಲ, ಬೇಡ ಅಂದವರೂ ಅವರಲ್ಲ.

ವಡಗಾವ್‌ನಲ್ಲಿ ಕೊಟ್ಟ ಮಾತು

ಸಂಧಾನಕ್ಕೆ ಸಮಿತಿಯ ಕಾರ್ಯದರ್ಶಿ ವಿಲಿಯಂ ಫಾರ್ಮರ್‌ನನ್ನು ಕಳಿಸಿದರು. ಮರಾಠಾ ಮಂತ್ರಿಗಳ ಮೊದಲ ಬೇಡಿಕೆ: ರಾಘೋಬಾನನ್ನು ನಮಗೆ ಒಪ್ಪಿಸಿ. ಇವನಿಗಾಗಿ ಯುದ್ಧ ಅಂತ ಹೊರಟಿದ್ದವರು ಇವನನ್ನೇ ಒಪ್ಪಿಸೋಕೆ ತಯಾರಾದರು. ಆ ಅವಮಾನದಿಂದ ಅವರನ್ನು ಉಳಿಸಿದ್ದು ರಾಘೋಬಾನೇ. ಅಷ್ಟರಲ್ಲಿ ಅವನು ತಾನಾಗಿ ಮಹಾದಜಿ ಜೊತೆ ಮಾತಾಡಿಕೊಂಡು ಅವನ ಆಶ್ರಯಕ್ಕೆ ಹೋಗಿಬಿಟ್ಟ.

ಆಮೇಲೆ ಷರತ್ತುಗಳು. 1773ರಿಂದ ಈಚೆಗೆ ಹಿಡಿದ ನೆಲವನ್ನೆಲ್ಲ ವಾಪಸ್ ಕೊಡಬೇಕು, ಅಂದ್ರೆ ಸಾಷ್ಟಿ, ನಮ್ಮ ಠಾಣೆಯೂ ಸೇರಿ. ಬಂಗಾಳದಿಂದ ನೆಲದ ದಾರಿಯಲ್ಲಿ ಬರ್ತಿರೋ ಇನ್ನೊಂದು ಸೈನ್ಯ ಹಿಂದಕ್ಕೆ ಹೋಗಬೇಕು. ಭಡೋಚ್ ಮಹಾದಜಿಗೆ. ಇಷ್ಟಕ್ಕೂ ಗ್ಯಾರಂಟಿಯಾಗಿ ಇಬ್ಬರು ಒತ್ತೆಯಾಳುಗಳು: ಫಾರ್ಮರ್ ಮತ್ತು ಲೆಫ್ಟಿನೆಂಟ್ ಚಾರ್ಲ್ಸ್ ಸ್ಟೀವರ್ಟ್.

ಜನವರಿ ಮಧ್ಯದಲ್ಲಿ ಸಹಿ ಆಯ್ತು. ಮಹಾದಜಿ ಸೈನ್ಯವನ್ನು ಬಿಟ್ಟ. ಮುತ್ತಿಗೆಯಲ್ಲಿ ಸಿಕ್ಕಿಬಿದ್ದವರನ್ನು ಕೊಲ್ಲಬಹುದಿತ್ತು, ಸೆರೆ ಹಿಡಿಯಬಹುದಿತ್ತು. ಮಾತಿನ ಮೇಲೆ ನಂಬಿ ಬಿಟ್ಟ.

ಕಾರ್ನಾಕ್ ಏನು ಮಾಡಿದ? ಫಾರ್ಮರ್‌ಗೆ ಪೂರ್ಣ ಅಧಿಕಾರ ಕೊಟ್ಟು ಕಳಿಸಿದ್ದೇ ಅವನು. ಆಮೇಲೆ ಅವನೇ ಒಪ್ಪಿಕೊಂಡ ಮಾತಿನ ಪ್ರಕಾರ, ಈ ಅಧಿಕಾರಕ್ಕೆ ಬೆಲೆಯಿಲ್ಲ ಅಂತ ಮನಸ್ಸಿನಲ್ಲಿ ಇಟ್ಟುಕೊಂಡೇ ಕೊಟ್ಟಿದ್ದ. ಘಾಟಿ ಇಳಿದು ಕೆಳಗೆ ಬಂದ ಕೂಡಲೇ ಸಮಿತಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಬಂಗಾಳ ಸೈನ್ಯ ಹಿಂದೆ ಹೋಗಲಿ ಅನ್ನೋ ಆದೇಶವನ್ನು ತಡೆದಿದ್ದು. ಆ ಸೈನ್ಯ ಜನರಲ್ ಗಾಡರ್ಡ್ ಕೈಕೆಳಗೆ ಫೆಬ್ರವರಿ ಕೊನೆಗೆ ಸೂರತ್ ಸೇರಿಯೇಬಿಟ್ಟಿತು. ಮುಂಬಯಿ ಮತ್ತು ಕಲ್ಕತ್ತೆ ಎರಡೂ ಕಡೆ ಒಪ್ಪಂದ ನಮಗೆ ಸೇರಿದ್ದಲ್ಲ ಅಂದವು. ಕಾರ್ನಾಕ್, ಎಗರ್ಟನ್, ಕಾಕ್‌ಬರ್ನ್ ಮೂವರನ್ನೂ ಕೆಲಸದಿಂದ ತೆಗೆದರು. ಠಾಣೆ ವಾಪಸ್ ಕೊಡಲಿಲ್ಲ.

ಮತ್ತೆ ಆ ಇಬ್ಬರು ಒತ್ತೆಯಾಳುಗಳು? ಮಾತು ಮುರಿದರೆ ಅವರ ತಲೆ ಹೋಗಬಹುದು ಅಂತ ಗೊತ್ತಿದ್ದೇ ಮುರಿದರು. ಅವರನ್ನು ಕೊಲ್ಲದೆ ಇಟ್ಟುಕೊಂಡು, 1780ರಲ್ಲಿ ಗುಜರಾತಿನಲ್ಲಿ ತಾನಾಗಿ ಬಿಡುಗಡೆ ಮಾಡಿದ್ದು ಮಹಾದಜಿ. ಅದರಲ್ಲಿ ಅವನ ರಾಜಕೀಯ ಲೆಕ್ಕವೂ ಇತ್ತು, ಇಲ್ಲ ಅನ್ನಲ್ಲ. ಆದರೂ ಮೋಸ ಹೋದವನೇ ಒತ್ತೆಯಾಳುಗಳ ಜೀವ ಉಳಿಸಿದ ಅನ್ನೋದು ಸತ್ಯ.

ರೋಲ್‌ಬ್ಯಾಕ್ ಅಂದ್ರೆ ಏನು

ನನ್ನ ಕೆಲಸದ ಒಂದು ಉದಾಹರಣೆ ಕೊಡ್ತೀನಿ. ಹೊಸ ಕೋಡ್ ಹಾಕಿ ಏನೋ ಎಡವಟ್ಟಾದರೆ ರೋಲ್‌ಬ್ಯಾಕ್ ಮಾಡ್ತೀವಿ, ಹಳೇ ಆವೃತ್ತಿಗೆ ವಾಪಸ್. ಹೊಸದಾಗಿ ಸೇರಿದ ಹುಡುಗರು ಅಲ್ಲಿಗೆ ಮುಗೀತು ಅಂದ್ಕೋತಾರೆ. ಮುಗಿಯಲ್ಲ. ಆ ಎರಡು ಗಂಟೆಯಲ್ಲಿ ಜನ ದುಡ್ಡು ಕಟ್ಟಿರ್ತಾರೆ, ಟಿಕೆಟ್ ತಗೊಂಡಿರ್ತಾರೆ. ಅವರು ನಮ್ಮನ್ನು ನಂಬಿ ಮಾಡಿದ ಕೆಲಸ ಅದು. ಕೋಡ್ ಹಿಂದಕ್ಕೆ ಹೋಗುತ್ತೆ, ಅವರ ದುಡ್ಡು ತಾನಾಗಿ ಹಿಂದಕ್ಕೆ ಹೋಗಲ್ಲ. ಅದಕ್ಕೆ ಯಾರೋ ಕೂತು ಒಂದೊಂದೇ ಲೆಕ್ಕ ಸರಿ ಮಾಡಬೇಕು.

ಸೈನ್ಯ ವಾಪಸ್ ಕರೆಸೋದೂ ಹಾಗೆಯೇ. ಯುದ್ಧ ತಪ್ಪು, ಸರಿ. ನಿಲ್ಲಿಸಲೇಬೇಕು, ಅದೂ ಸರಿ. ಆದರೆ ನಡುವೆ ನಿಮ್ಮನ್ನು ನಂಬಿ ಏನೇನೋ ಮಾಡಿದವರು ಇರ್ತಾರಲ್ಲ, ಅವರ ಲೆಕ್ಕ ಯಾರು ನೋಡ್ತಾರೆ? ವಡಗಾವ್‌ನಲ್ಲಿ ಇಂಥವರು ಮೂರು ಬಗೆ. ಒಬ್ಬ, ಜೊತೆಗೆ ಕರೆತಂದ ಮಿತ್ರ. ಎರಡು, ಬೆನ್ನು ಕಾಯ್ದ ಸಿಪಾಯಿ. ಮೂರು, ನಿಮ್ಮ ಸಹಿಯನ್ನು ನಂಬಿ ದಾರಿ ಬಿಟ್ಟ ಶತ್ರು. ಕಂಪನಿ ಮೂವರ ಲೆಕ್ಕವನ್ನೂ ಚುಕ್ತಾ ಮಾಡಲಿಲ್ಲ.

ಮತ್ತೆ ಪನ್ವೇಲ್‌ಗೆ ಓಟ

ವಡಗಾವ್ ಒಪ್ಪಂದ ಮುರಿದಿದ್ದರಿಂದ ಯುದ್ಧ ಇನ್ನೂ ಮೂರು ವರ್ಷ ಎಳೆಯಿತು. 1780ರ ಮೇ ತಿಂಗಳಲ್ಲಿ ಇಂಗ್ಲಿಷರು ಕಲ್ಯಾಣ್ ಹಿಡಿದರು. ಅದನ್ನು ಬಿಡಿಸಿಕೊಳ್ಳೋಕೆ ದೊಡ್ಡ ಮರಾಠಾ ಸೈನ್ಯ ಬಂತು. ಹಾರ್ಟ್ಲಿ ಸಮಯಕ್ಕೆ ಸರಿಯಾಗಿ ಬಂದು ಉಳಿಸಿದ. ಡಿಸೆಂಬರ್‌ನಲ್ಲಿ ವಸಾಯಿ ಬಿತ್ತು. ಗಾಡರ್ಡ್ 1781ರ ಫೆಬ್ರವರಿಯಲ್ಲಿ ಭೋರ್ ಘಾಟಿ ಹಿಡಿದು ಕೂತ, ಪುಣೆಯವರು ಹೆದರಿ ಸಂಧಿಗೆ ಬರ್ತಾರೆ ಅಂತ. ನಾನಾ ಹೆದರಲಿಲ್ಲ. ಪರಶುರಾಮಭಾವು ಪಟವರ್ಧನ್ ಕೊಂಕಣಕ್ಕೆ ಇಳಿದು, ಪನ್ವೇಲ್‌ನಿಂದ ಮೇಲೆ ಹೋಗೋ ದಿನಸಿಯ ದಾರಿಗೇ ಕೈ ಹಾಕಿದ. ನಮ್ಮ ಜಮಖಂಡಿಯ ಪಟವರ್ಧನರು ಅಂತ ಕೇಳಿದ್ದೀರಲ್ಲ, ಅದೇ ಮನೆತನ. ಏಪ್ರಿಲ್‌ನಲ್ಲಿ ಗಾಡರ್ಡ್ ವಾಪಸ್ ಹೊರಟ. 23ಕ್ಕೆ ಪನ್ವೇಲ್ ಸೇರೋ ಹೊತ್ತಿಗೆ ಸತ್ತವರು, ಗಾಯಗೊಂಡವರು ಸೇರಿ 466 ಜನ, ಅದರಲ್ಲಿ 18 ಯುರೋಪಿಯನ್ ಅಧಿಕಾರಿಗಳು.

ಅಂದ್ರೆ ಎರಡು ವರ್ಷದ ಹಿಂದೆ ಯಾವ ದಾರಿಯಲ್ಲಿ ಓಡಿ ಬಂದಿದ್ದರೋ ಅದೇ ದಾರಿಯಲ್ಲಿ ಮತ್ತೆ. ವಡಗಾವ್‌ನ ಮಾತು ಉಳಿಸಿಕೊಂಡಿದ್ದರೆ ಈ 466 ಜನ ಈ ಲೆಕ್ಕಕ್ಕೆ ಬರ್ತಿರಲಿಲ್ಲ.

ಹೈದರನಿಗೂ ಅದೇ ಗತಿ

ಇದೆಲ್ಲ ಕಂಪನಿಯ ಪಾಪ, ನಮ್ಮವರು ಸಾಚಾ ಅಂತ ಹೇಳಿ ಮುಗಿಸೋಕೆ ಆಗಲ್ಲ. ಈ ಕಥೆಗೆ ನಮ್ಮ ಕಡೆಯ ಬಾಲವೂ ಇದೆ.

ಕಂಪನಿ ಮಾತು ಮುರಿದ ಮೇಲೆ ನಾನಾ ಫಡ್ನವೀಸ್ ತನ್ನ ಹಳೇ ವೈರಿ ಹೈದರ್ ಅಲಿ ಜೊತೆ ಕೈ ಜೋಡಿಸಿದ. ಕೃಷ್ಣೆಯ ದಕ್ಷಿಣದಲ್ಲಿ ಹೈದರ್ ಹಿಡಿದಿದ್ದ ನೆಲ ಅವನದೇ ಅಂತ ಒಪ್ಪಿಕೊಂಡ. ಹೈದರ್ 1780ರ ಜುಲೈನಲ್ಲಿ ಆರ್ಕಾಟ್ ಸೀಮೆಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯನ್ನು ಪೂರ್ತಿ ಮುಗಿಸಿದ. ಎರಡು ಕಡೆ ಯುದ್ಧ ಮಾಡೋಕೆ ಕಂಪನಿಗೆ ದುಡ್ಡೂ ಇಲ್ಲ, ಜನವೂ ಇಲ್ಲ. ಕಲ್ಕತ್ತೆ ಮರಾಠರ ಜೊತೆ ಸಂಧಿಗೆ ಬಂದಿದ್ದರಲ್ಲಿ ಶ್ರೀರಂಗಪಟ್ಟಣದ ಪಾಲು ದೊಡ್ಡದು.

1782ರ ಮೇ 17ರಂದು ಸಾಲ್ಬಾಯಿ ಒಪ್ಪಂದ. ಅದರಲ್ಲಿ ಒಂದು ಷರತ್ತು: ಹೈದರ್ ಗೆದ್ದ ನೆಲವನ್ನು ಬಿಡುವ ಹಾಗೆ ಪೇಶ್ವೆ ಕಡೆಯವರು ಮಾಡಬೇಕು. ಯಾರ ಭರವಸೆ ಮೇಲೆ ಹೈದರ್ ಯುದ್ಧಕ್ಕೆ ಇಳಿದನೋ ಅವರೇ ಅವನನ್ನು ಬಿಟ್ಟು ಎದ್ದರು. ನಾನಾಗೆ ಇದು ಚುಚ್ಚಿರಬೇಕು. ಅವನು ಒಪ್ಪಂದಕ್ಕೆ ಮುದ್ರೆ ಹಾಕೋದನ್ನು ತಿಂಗಳುಗಟ್ಟಲೆ ಮುಂದೂಡಿದ. ಹಾಕಿದ್ದು ಹೈದರ್ 1782ರ ಡಿಸೆಂಬರ್ 7ರಂದು ತೀರಿಕೊಂಡ ಮೇಲೆಯೇ. ಅದು ಮಿತ್ರನ ಮೇಲಿನ ಸಂಕೋಚವೋ, ಎರಡೂ ಕಡೆ ಚೌಕಾಸಿಯೋ, ನೀವೇ ಯೋಚಿಸಿ. ನನಗೆ ಎರಡೂ ಇತ್ತು ಅನ್ಸುತ್ತೆ.

ರಾಘೋಬಾಗೆ ತಿಂಗಳಿಗೆ 25,000 ರೂಪಾಯಿ ಪಿಂಚಣಿ ಅಂತಾಯ್ತು. ಕೋಪರಗಾವ್‌ನಲ್ಲಿ ಉಳಿದು 1783ರ ಕೊನೆಗೆ ಸತ್ತ. ವಸಾಯಿ, ಕಲ್ಯಾಣ್ ಮರಾಠರಿಗೆ ವಾಪಸ್ ಹೋದವು. ಸಾಷ್ಟಿ, ಘಾರಾಪುರಿ, ಉರಣದ ಕರಂಜಾ ಇಂಗ್ಲಿಷರಿಗೆ ಉಳಿದವು. ಅಲ್ಲಿಂದ ಮುಂದೆ 1817ರವರೆಗೆ ಠಾಣೆಯ ಖಾಡಿಯೇ ಗಡಿ. ಆ ಕಡೆ ಠಾಣೆ ಕಂಪನಿಯದು. ಈ ಕಡೆ ಕಲ್ಯಾಣ್, ಬೇಲಾಪುರ ಪೇಶ್ವೆಯದು. ಐರೋಲಿ ಸೇತುವೆ ಮೇಲೆ ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋ ನಮ್ಮಂಥವರು ನಿಂತಿರೋದು ಆ ಗಡಿ ಮೇಲೆ.

ಲಂಡನ್ ಪಾರ್ಲಿಮೆಂಟಿನಲ್ಲಿ ಅದೇ 1782ರ ಮೇ ತಿಂಗಳಲ್ಲಿ, ಹೇಸ್ಟಿಂಗ್ಸ್ ಮತ್ತು ಮುಂಬಯಿ ಗವರ್ನರ್ ಹಾರ್ನ್‌ಬಿ ಇಬ್ಬರನ್ನೂ ವಾಪಸ್ ಕರೆಸಬೇಕು ಅಂತ ನಿರ್ಣಯ ಆಯ್ತು. ಕಂಪನಿಯ ಷೇರುದಾರರು ಹೇಸ್ಟಿಂಗ್ಸ್‌ನನ್ನು ಬಿಟ್ಟುಕೊಡಲಿಲ್ಲ. ಯುದ್ಧ ತಪ್ಪು ಅಂತ ಸಭೆಯಲ್ಲಿ ಹೇಳಿದ್ದೇನೋ ಆಯ್ತು. ಠಾಣೆ ವಾಪಸ್ ಕೊಡಿ ಅಂತ ಮಾತ್ರ ನಡೆಯಲಿಲ್ಲ.

ನಮ್ಮದೇ ಕಾಲದ ಮಾತು

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ನಿವೃತ್ತ ಸೈನಿಕರೊಬ್ಬರಿದ್ದಾರೆ, ಎಲ್ಲರೂ ಕಾಕಾ ಅಂತೀವಿ. ಈ ಸಂಚಿಕೆಗೆ ಓದ್ತಿದ್ದಾಗ ಅವರಿಗೆ ವಡಗಾವ್ ಕಥೆ ಹೇಳಿದೆ. ಪೂರ್ತಿ ಕೇಳಿ, "ನೀ ಶ್ರೀಲಂಕಾದ್ದೂ ಹೇಳಬೇಕಪಾ, ಬರೇ ಇಂಗ್ಲಿಷರನ್ನ ಬೈದು ಬಿಡಬ್ಯಾಡ" ಅಂದರು. ನ್ಯಾಯವಾದ ಮಾತು.

1987ರ ಜುಲೈ ಕೊನೆಯಲ್ಲಿ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಶಾಂತಿ ಕಾಯೋಕೆ ಹೋದವರು ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ಯುದ್ಧ ಮಾಡ್ತಿದ್ದರು. ಸುಮಾರು 1,200 ಸೈನಿಕರು ಸತ್ತರು. ಅಲ್ಲಿನ ಸಾಮಾನ್ಯ ತಮಿಳರೂ ಆ ಗುಂಡಿನ ಮಳೆಯಲ್ಲಿ ಸತ್ತರು. ಸಿಂಹಳರಿಗೂ ಬೇಡ, ತಮಿಳರಿಗೂ ಬೇಡ, ಇಲ್ಲಿ ನಮಗೂ ಬೇಡವಾದ ಯುದ್ಧ. ವಿ.ಪಿ. ಸಿಂಗ್ ಸರ್ಕಾರ ಬಂದು, 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ವಾಪಸ್ ಆಯ್ತು. ಮದರಾಸಿನಲ್ಲಿ ಅವರನ್ನು ಸ್ವಾಗತಿಸೋಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.

ವಾಪಸ್ ಬಂದಿದ್ದು ಸರಿಯೇ. ಆದರೆ ನಮ್ಮನ್ನು ನಂಬಿ ಅಲ್ಲಿ ಈಶಾನ್ಯ ಪ್ರಾಂತದ ಮುಖ್ಯಮಂತ್ರಿಯಾಗಿದ್ದ ವರದರಾಜ ಪೆರುಮಾಳ್ ಊರು ಬಿಟ್ಟು ಭಾರತಕ್ಕೆ ಬರಬೇಕಾಯ್ತು. ನಮ್ಮ ಬೆಂಬಲದಿಂದ ಕಟ್ಟಿದ ತಮಿಳ್ ನ್ಯಾಷನಲ್ ಆರ್ಮಿಯ ಹುಡುಗರು ಅಲ್ಲೇ ಉಳಿದರು. ಅದರಲ್ಲಿ ಎಷ್ಟೋ ಜನರನ್ನು ಬಲವಂತವಾಗಿ ಎಳೆದು ತಂದಿದ್ದು. ನಮ್ಮ ಹಡಗು ಹೊರಟ ಮೇಲೆ ಎಲ್‌ಟಿಟಿಇ ಕೈಗೆ ಸಿಕ್ಕ ಅನೇಕರು ಉಳಿಯಲಿಲ್ಲ. ಅವರ ಮನೆಯವರ ಹತ್ತಿರ ಹೋಗಿ 'ಆ ಯುದ್ಧವೇ ತಪ್ಪಾಗಿತ್ತು, ಅದಕ್ಕೇ ಬಂದ್ವಿ' ಅಂತ ಹೇಳಿದರೆ ಅವರಿಗೆ ಸಮಾಧಾನ ಆಗುತ್ತಾ?

ಹಾಗಾದರೆ ಏನು ಮಾಡಬೇಕಿತ್ತು?

ನಾನು ಇದರಿಂದ ಕಲಿತಿದ್ದು ಹೀಗೆ. ತಪ್ಪು ಯುದ್ಧದಲ್ಲಿ ಉಳಿಯೋಕೆ ಮಿತ್ರನಿಗೆ ಕೊಟ್ಟ ಮಾತು ಒಂದು ನೆಪ ಆಗಬಾರದು. ರಾಘೋಬಾಗೆ ಮಾತು ಕೊಟ್ಟಿದ್ದೀವಿ ಅಂತ ಪುಣೆ ಸುಡಿಸೋ ಹಕ್ಕು ಯಾರಿಗೂ ಇರಲಿಲ್ಲ. ಹಾಗೆಯೇ ಯುದ್ಧ ತಪ್ಪು ಅನ್ನೋದು ಮಾತು ಮುರಿಯೋಕೆ ನೆಪ ಆಗಬಾರದು. ಇವೆರಡನ್ನೂ ಒಟ್ಟಿಗೆ ಹಿಡಿಯೋದೇ ಕಷ್ಟ, ಧರ್ಮಸಂಕಟ ಇರೋದೇ ಇಲ್ಲಿ.

ಗಾದಿ ಕೊಡಿಸೋಕೆ ಆಗಲ್ಲ, ಆದರೆ ಜೀವಕ್ಕೆ ಭದ್ರತೆ ಕೊಡಿಸಬಹುದು. ಸಾಲ್ಬಾಯಿಯಲ್ಲಿ ರಾಘೋಬಾಗೆ ಸಿಕ್ಕ ಪಿಂಚಣಿಯನ್ನು ತಳೇಗಾವ್‌ಗೆ ಹೋಗೋ ಮೊದಲೇ ಕೂತು ಮಾತಾಡಿದ್ದರೆ ಸಿಗ್ತಿತ್ತೋ ಏನೋ. ಆ ಪ್ರಯತ್ನ ಮಾಡದೆ ಘಾಟಿ ಹತ್ತಿದರು. ಬೆನ್ನು ಕಾಯೋರನ್ನು ಮೊದಲು ಯೋಚಿಸಿ ಆಮೇಲೆ ಹೊರಡಬಹುದು, ರಾತ್ರೋರಾತ್ರಿ ಅಲ್ಲ. ಮತ್ತೆ ಸೈನ್ಯ ಬಿಡಿಸಿಕೊಳ್ಳೋಕೆ ಸಹಿ ಹಾಕಿದ ಕಾಗದವನ್ನು, ಸೈನ್ಯ ಮನೆ ಸೇರಿದ ಮೇಲೂ ಓದಬೇಕು. ಇದಕ್ಕೆಲ್ಲ ದುಡ್ಡು, ನೆಲ, ಮುಖಭಂಗ ಎಲ್ಲ ತೆರಬೇಕಾಗುತ್ತೆ. ಆ ಬೆಲೆಯನ್ನು ಯುದ್ಧ ಶುರು ಮಾಡಿದವರು ತೆರಬೇಕು. ವಡಗಾವ್‌ನಲ್ಲಿ ತೆತ್ತವರು ಬೇರೆಯವರು.

ಲೋಣಾವಳಾ ಕಡೆ ಹೋದಾಗ ಒಂದು ಭಾನುವಾರ ವಡಗಾವ್ ಮಾವಳದಲ್ಲಿ ಇಳಿದು ನೋಡಿ. ಹೆದ್ದಾರಿ ಹತ್ತಿರವೇ ವಿಜಯಸ್ತಂಭ ಇದೆ. ಮಕ್ಕಳನ್ನು ಕರ್ಕೊಂಡು ಹೋದರೆ ಗೆದ್ದವರ ಕಥೆ ಹೇಳಿ, ಜೊತೆಗೆ ಹಿಂಬದಿಯಲ್ಲಿ ನಿಂತ ಸಿಪಾಯಿಗಳ ಕಥೆಯನ್ನೂ, ಊರು ಸುಟ್ಟುಹೋದ ತಳೇಗಾವ್‌ನವರ ಕಥೆಯನ್ನೂ ಹೇಳಿ.

ಮುಂದಿನ ಸಂಚಿಕೆಯಲ್ಲಿ ವಸಾಯಿ ಕೋಟೆ ಮತ್ತು ಚಿಮಾಜಿ ಅಪ್ಪಾ.